ನೂರರ ನೋಟಿನ ಕವಿ: ಲೇಯಾ ಗೋಲ್ಡ್‌ಬರ್ಗ್ ಜಾಡು ಹಿಡಿದು ಟೆಲ್ ಅವೀವ್, ಜೆರುಸಲೇಮ್, ಹೈಫಾ

ಗುರುವಾರ, ಟೆಲ್ ಅವೀವ್

ವಿಮಾನ ನಿಲ್ದಾಣದಿಂದ ರೈಲು ಹಿಡಿದು ಊರೊಳಗೆ ಇಳಿಯುವಷ್ಟರಲ್ಲಿ ಫೆಬ್ರುವರಿಯ ಮಳೆ ಶುರುವಾಗಿತ್ತು. ಕಡಲ ಕಡೆಯಿಂದ ಅಡ್ಡಡ್ಡ ಬೀಸುವ ಮಳೆ, ಕೊಡೆ ಎರಡೇ ರಸ್ತೆ ದಾಟುವಷ್ಟರಲ್ಲಿ ಉಲ್ಟಾ ಆಗುತ್ತದೆ. ಇಲ್ಲಿಗೆ ಚಳಿಗಾಲದಲ್ಲಿ ಬರುವವರು ಕೊಡೆ ಬಿಟ್ಟು ಟೋಪಿ ಇರುವ ರೇನ್‌ಕೋಟ್ ತರುವುದು ಜಾಣತನ. ಸಿಟಿ ಬಸ್ಸಿನಲ್ಲಿ ಚಾಲಕರು ನಗದು ಮುಟ್ಟುವುದಿಲ್ಲವಾದ್ದರಿಂದ ರವ್-ಕವ್ ಎಂಬ ಪ್ರಯಾಣದ ಕಾರ್ಡೋ ಫೋನಿನ ಆ್ಯಪೋ ಇಟ್ಟುಕೊಳ್ಳಿ. ಆದರೂ ಸ್ವಲ್ಪ ನಗದು ಇಟ್ಟುಕೊಳ್ಳಿ. ಬೇರೇನಕ್ಕೂ ಅಲ್ಲದಿದ್ದರೂ ನೋಟು ನೋಡುವುದಕ್ಕೆ.

ಇಸ್ರೇಲಿನ 20 ಶೆಕೆಲ್‌ನ ಕೆಂಪು ನೋಟಿನಲ್ಲಿ ರಾಹೆಲ್, 50ರ ಹಸಿರಿನಲ್ಲಿ ಶಾವೂಲ್ ಚೆರ್ನಿಖೋವ್‌ಸ್ಕಿ, 100ರ ಕಿತ್ತಳೆಯಲ್ಲಿ ಲೇಯಾ ಗೋಲ್ಡ್‌ಬರ್ಗ್, 200ರ ನೀಲಿಯಲ್ಲಿ ನಾಥಾನ್ ಆಲ್ಟರ್‌ಮನ್. ನಾಲ್ವರೂ ಕವಿಗಳು. ನಾಲ್ವರೂ ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದವರು, ನಾಲ್ವರೂ ಹೀಬ್ರೂಗೆ ಅನುವಾದ ಮಾಡಿದವರು. ಅಗಲ ಎಲ್ಲಕ್ಕೂ 71 ಮಿಲಿಮೀಟರ್. ಉದ್ದ ಮಾತ್ರ 129, 136, 143, 150 ಎಂದು ಏಳೇಳು ಮಿಲಿಮೀಟರ್ ಬೆಳೆಯುತ್ತದೆ. ಕಣ್ಣು ಕಾಣದವರು ಬೆರಳಿನಿಂದಲೇ ಗುರುತು ಹಿಡಿಯಲಿ ಎಂದು ಈ ಏರ್ಪಾಟು, ಜೊತೆಗೆ ಅಂಚಿನಲ್ಲಿ ಉಬ್ಬು ಗೆರೆಗಳೂ ಇವೆ. ಲೇಯಾರ ನೋಟು ಚಲಾವಣೆಗೆ ಬಂದದ್ದು 2017ರಲ್ಲಿ. ಮುಖದ ಹಿಂದೆ ಬಾದಾಮಿ ಹೂ, ಮಗ್ಗುಲು ಬದಲಿಸಿದರೆ ಜಿಂಕೆಗಳ ಹಿಂಡು. ಭೂತಗನ್ನಡಿ ಹಿಡಿದರೆ ಅವರದೇ ಕವನದ ಸಾಲುಗಳು ಇರುವೆಗಿಂತ ಸಣ್ಣ ಅಕ್ಷರದಲ್ಲಿ ಸಿಗುತ್ತವೆ. ನಾಲ್ವರ ಬೇರೂ ಯುರೋಪಿನದೇ, ಬಾಗ್ದಾದ್, ಮೊರಾಕ್ಕೊ, ಯೆಮೆನ್ ಕಡೆಯಿಂದ ಬಂದವರು ಒಬ್ಬರೂ ಇಲ್ಲ ಎಂದು ಆಗಲೇ ಜಗಳವೂ ಆಯಿತು. ಆ ಜಗಳದಲ್ಲಿ ಹುರುಳಿದೆ. ಬುಧವಾರ ಹೈಫಾಕ್ಕೆ ಹೋಗುವ ಕಾರಣವೂ ಅದೇ.

ಲೇಯಾ 1911ರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿ ಲಿಥುವೇನಿಯಾದ ಕೋವ್ನೋದಲ್ಲಿ ಬೆಳೆದವರು. ಮನೆಯಲ್ಲಿ ರಷ್ಯನ್. ಹೀಬ್ರೂ ಕಲಿತದ್ದು ಶಾಲೆಯಲ್ಲಿ, ಹತ್ತು ವರ್ಷದ ಹೊತ್ತಿಗೆ ಅದರಲ್ಲೇ ದಿನಚರಿ ಬರೆಯುತ್ತಿದ್ದರು. 1933ರಲ್ಲಿ ಬಾನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು, ವಿಷಯ ಸಮಾರಿಟನ್ ಎಂಬ ಪುಟ್ಟ ಪಂಗಡದವರ ಬೈಬಲ್ ಅನುವಾದ. ಅಂದರೆ ಅನುವಾದ ಅವರ ಕೈಗೆ ಮೊದಲು ಬಂದದ್ದು ಸಂಶೋಧನೆಯ ವಸ್ತುವಾಗಿ. 1935ರ ಜನವರಿಯಲ್ಲಿ ಟೆಲ್ ಅವೀವ್‌ಗೆ ಬಂದಾಗ ವಯಸ್ಸು 23. ಬರುವುದಕ್ಕೆ ನೆರವಾದವರು ಕವಿ ಅವ್ರಾಹಾಮ್ ಶ್ಲೋನ್‌ಸ್ಕಿ, ಅವರೂ ವಲಸಿಗರು, ಅವರೂ ಅನುವಾದಕರು. ಅದೇ ವರ್ಷ ಮೊದಲ ಕವನ ಸಂಕಲನ ಬಂತು. ಪದ್ಯದಿಂದ ಬಾಡಿಗೆ ಹುಟ್ಟುವುದಿಲ್ಲವಲ್ಲ, ಹೈಸ್ಕೂಲಿನಲ್ಲಿ ಪಾಠ ಹೇಳಿದರು, ಪ್ರಾಸ ಕಟ್ಟಿ ಜಾಹೀರಾತು ಬರೆದುಕೊಟ್ಟರು. ಆಮೇಲೆ 'ದವಾರ್' ಪತ್ರಿಕೆ ಸೇರಿ ನಾಟಕ ವಿಮರ್ಶೆ, ಮಕ್ಕಳ ಪುರವಣಿ, ಚಿತ್ರಕಾರ ಆರ್ಯೇ ನವೋನ್‌ರ ಚಿತ್ರಗಳಿಗೆ ಪದ್ಯ, ಹೀಗೆ ಸಿಕ್ಕಿದ್ದೆಲ್ಲ ಮಾಡಿದರು.

ತಾಯಿ ಬಂದ ಮೇಲೆ ಇಬ್ಬರೂ ಇದ್ದದ್ದು ಆರ್ನೋನ್ ಬೀದಿಯಲ್ಲಿ, ಕಡಲಿಗೆ ಕೆಲವೇ ನಿಮಿಷದ ನಡಿಗೆ. ಸುತ್ತಮುತ್ತ ಮೂರು ನಾಲ್ಕು ಅಂತಸ್ತಿನ ಬಿಳಿ ಕಟ್ಟಡಗಳು, ದುಂಡು ಬಾಲ್ಕನಿಗಳು. ಫೋಟೋದಲ್ಲಿ ಥಳಥಳ, ಹತ್ತಿರ ಹೋದರೆ ಬಾಲ್ಕನಿ ತಳದ ಗಾರೆ ಉದುರಿ ಕಂಬಿ ಕಾಣುತ್ತದೆ. ಉಪ್ಪುಗಾಳಿ ಕಾಂಕ್ರೀಟಿನೊಳಕ್ಕೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಗಾರೆಯನ್ನು ಹೊರಕ್ಕೆ ದಬ್ಬುತ್ತದೆ. ಮಳೆಗಾಲದಲ್ಲಿ ಈ ಬಾಲ್ಕನಿಗಳ ಅಡಿಯಲ್ಲಿ ನಿಲ್ಲದಿರುವುದೇ ಕ್ಷೇಮ.

ರಾತ್ರಿ ಊಟ ಸಬೀಖ್. ಪೀಟಾ ರೊಟ್ಟಿಯೊಳಗೆ ಕರಿದ ಬದನೆ, ಬೇಯಿಸಿದ ಮೊಟ್ಟೆ, ಆಲೂಗಡ್ಡೆ, ತಹಿನಿ, ಮೇಲೆ ಅಂಬಾ. ಬಾಗ್ದಾದಿನ ಯಹೂದಿಗಳು ತಂದ ತಿಂಡಿ ಇದು. ಅಂಬಾ ಎಂದರೆ ಮಾವಿನಕಾಯಿ, ಮೆಂತ್ಯ, ಅರಿಸಿನದ ನೀರು ಉಪ್ಪಿನಕಾಯಿ. ಬಾಗ್ದಾದಿಗೆ ಅದು ಹೋದದ್ದು ಬೊಂಬಾಯಿಯಿಂದ. ಮೊಟ್ಟೆ ಬೇಡದವರು 'ಬ್ಲೀ ಬೆಯ್ತ್ಸಾ' ಎಂದರೆ ಸಾಕು. ಅಂಬಾ ಮೊಣಕೈವರೆಗೆ ಸೋರುತ್ತದೆ, ನೋಟುಪುಸ್ತಕದ ಮೇಲೆ ಬಿದ್ದ ಹಳದಿ ಕಲೆ ಇನ್ನೂ ಹೋಗಿಲ್ಲ.

ಶುಕ್ರವಾರ, ಟೆಲ್ ಅವೀವ್

ಶುಕ್ರವಾರ ಬೆಳಿಗ್ಗೆ ಬೇಗ ಏಳಬೇಕು. ಮಧ್ಯಾಹ್ನ ತಿರುಗಿದ ಮೇಲೆ ಅಂಗಡಿ, ಕಚೇರಿ, ರೈಲು ಒಂದೊಂದೇ ನಿಲ್ಲುತ್ತವೆ.

ಟ್ರುಂಪೆಲ್ಡೋರ್ ರಸ್ತೆಯ ಹಳೇ ಸ್ಮಶಾನ 1902ರದು, ಊರಿಗಿಂತ ಏಳು ವರ್ಷ ಹಿರಿಯದು. ಕಾಲರಾ ಬಂದಾಗ ಯಾಫಾದ ಆಚೆ ಮರಳಿನಲ್ಲಿ ಹೆಣ ಹೂಳಲು ಜಾಗ ಮಾಡಿದ್ದು. ಹೀಬ್ರೂ ಕವಿ ಬಿಯಾಲಿಕ್, ಐವತ್ತರ ನೋಟಿನ ಚೆರ್ನಿಖೋವ್‌ಸ್ಕಿ ಇಬ್ಬರೂ ಇಲ್ಲಿದ್ದಾರೆ. ಚೆರ್ನಿಖೋವ್‌ಸ್ಕಿ ವೃತ್ತಿಯಿಂದ ವೈದ್ಯರು, ರೋಗಿಗಳ ನಡುವೆಯೇ ಇಲಿಯಡ್, ಒಡಿಸ್ಸಿಗಳನ್ನು ಗ್ರೀಕಿನಿಂದ ಹೀಬ್ರೂಗೆ ತಂದವರು. ಬಿಯಾಲಿಕ್ ತಂದ ಡಾನ್ ಕ್ವಿಕ್ಸೋಟ್ ಸ್ಪ್ಯಾನಿಷ್‌ನಿಂದ ಬಂದದ್ದಲ್ಲ, ನಡುವಿನ ಭಾಷೆಗಳ ಮೂಲಕ ಬಂದ ಸಂಕ್ಷಿಪ್ತ ರೂಪ. ಅವರ ಮನೆ ನಡೆದು ಹೋಗುವಷ್ಟು ಹತ್ತಿರ, ಬಿಯಾಲಿಕ್ ಬೀದಿ 22. ಒಳಗಿನ ಬಣ್ಣದ ಹೆಂಚುಗಳನ್ನು ನೋಡಿ ಹೊರಬನ್ನಿ, ಅರ್ಧ ಗಂಟೆ ಸಾಕು.

ಇವರಿಬ್ಬರ ಪದ್ಯಕ್ಕೆ ಈ ನೆಲದಲ್ಲಿ ಒಂದು ಕುತ್ತು ಬಂತು. ಪೂರ್ವ ಯುರೋಪಿನ ಹೀಬ್ರೂ ಉಚ್ಚಾರದಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯ ಹಿಂದಿನ ಅಕ್ಷರದ ಮೇಲೆ. ಇಲ್ಲಿ ರೂಢಿಗೆ ಬಂದ ಸೆಫಾರ್ದಿ ಉಚ್ಚಾರದಲ್ಲಿ ಒತ್ತು ಹೆಚ್ಚಾಗಿ ಕೊನೆಯ ಅಕ್ಷರದ ಮೇಲೆ. ಹಳೆ ಪದ್ಯವನ್ನು ಇಂದಿನ ಹುಡುಗರು ಓದಿದರೆ ಛಂದಸ್ಸು ಕುಂಟುತ್ತದೆ, ಕೆಲವೆಡೆ ಪ್ರಾಸವೇ ಕಳಚುತ್ತದೆ. ಹೊಸ ಒತ್ತಿನಲ್ಲಿ ಬರೆದ ಲೇಯಾರ ತಲೆಮಾರಿಗೆ ಈ ಕಾಟ ಇಲ್ಲ. ಅವರ ಪದ್ಯಗಳು ಇಂದಿಗೂ ರೇಡಿಯೋದಲ್ಲಿ ಹಾಡಾಗಿ ಓಡಾಡುವುದಕ್ಕೆ ಇದೂ ಒಂದು ಕಾರಣ.

ಹನ್ನೊಂದರ ಹೊತ್ತಿಗೆ ಆಲೆನ್‌ಬಿ ರಸ್ತೆಯ ಒಂದು ಹಳೆಪುಸ್ತಕದ ಅಂಗಡಿ. ಇಲ್ಲಿ ಒಂದು ವಿದ್ಯೆ ಗೊತ್ತಿರಬೇಕು: ಹಳೆ ಹೀಬ್ರೂ ಪುಸ್ತಕಗಳಲ್ಲಿ ಪ್ರಕಟಣೆಯ ವರ್ಷ ಅಂಕಿಯಲ್ಲಿ ಇರುವುದಿಲ್ಲ, ಅಕ್ಷರದಲ್ಲಿ ಇರುತ್ತದೆ. ತಾವ್ 400, ಶಿನ್ 300, ಯೋದ್ 10, ಗಿಮೆಲ್ 3. ಕೂಡಿದರೆ 713. ಅದಕ್ಕೆ 1240 ಸೇರಿಸಿ, 1953 ಸಿಕ್ಕಿತು. ಅವರ ವರ್ಷ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ಹುಟ್ಟುವುದರಿಂದ ಪುಸ್ತಕ ಅಲ್ಲಿಂದ ಡಿಸೆಂಬರ್ ಕೊನೆಯೊಳಗೆ ಬಂದಿದ್ದರೆ ಲೆಕ್ಕ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ನಾನು ಲೆಕ್ಕ ಮಾಡುವುದನ್ನು ಅಂಗಡಿಯಾತ ನೋಡುತ್ತ ನಿಂತಿದ್ದ. "ಬೆನ್ನು ಗಟ್ಟಿ ಇದೆಯಾ ನೋಡಿ, ವರ್ಷ ಆಮೇಲೆ" ಎಂದ. ಆ ಕಾಲದ ಅಂಟು ಒಣಗಿ, ತೆರೆದ ಕೂಡಲೇ ಹಾಳೆಗಳು ಕಳಚಿಕೊಳ್ಳುತ್ತವೆ. ಪುಸ್ತಕವನ್ನು ಪೂರ್ತಿ ಅಗಲಿಸದೆ, ಬೆನ್ನಿಗೆ ಅಂಗೈ ಕೊಟ್ಟು, ಅರ್ಧ ತೆರೆದು ನೋಡಬೇಕು.

1953 ಎಂದದ್ದಕ್ಕೆ ಕಾರಣವಿದೆ, ಲೇಯಾರ 'ಯುದ್ಧ ಮತ್ತು ಶಾಂತಿ' ಅನುವಾದ ಬಂದ ವರ್ಷ ಅದು. ಟಾಲ್‌ಸ್ಟಾಯ್‌ನನ್ನು ಹೀಬ್ರೂಗೆ ತರುವವರಿಗೆ ಕಥೆಗಿಂತ ಮೊದಲು ತೊಡರುವುದು ಹೆಸರುಗಳು. ಹೀಬ್ರೂ ಮುದ್ರಣದಲ್ಲಿ ಸಾಮಾನ್ಯವಾಗಿ ಸ್ವರಚಿಹ್ನೆ ಇರುವುದಿಲ್ಲ, ಕಾಗುಣಿತ ಕಳೆದ ಕನ್ನಡವನ್ನು ಊಹೆಯ ಮೇಲೆ ಓದಿದ ಹಾಗೆ. ಅದರ ಮೇಲೆ ಬ–ವ ಎರಡಕ್ಕೂ ಒಂದೇ ಅಕ್ಷರ ನಿಲ್ಲಬಲ್ಲದು, ಪ–ಫ ಎರಡಕ್ಕೂ ಒಂದೇ. ಪರಿಚಿತ ಪದವಾದರೆ ಓದುಗ ಊಹಿಸಿಕೊಳ್ಳುತ್ತಾನೆ, ರಷ್ಯನ್ ಮನೆತನದ ಹೆಸರನ್ನು ಹೇಗೆ ಊಹಿಸಬೇಕು? ಅದಕ್ಕೇ ಹೆಸರು ಮೊದಲ ಸಲ ಬಂದಾಗ ಚುಕ್ಕೆ ಇಟ್ಟು ಉಚ್ಚಾರ ತೋರಿಸಿ ಮುಂದೆ ಬಿಟ್ಟುಬಿಡುವ ರೂಢಿ ಅನುವಾದಕರಲ್ಲಿ ಇದೆ. ಒಬ್ಬನೇ ಪಾತ್ರಕ್ಕೆ ತಂದೆಯ ಹೆಸರು, ಮುದ್ದಿನ ಹೆಸರು ಸೇರಿ ಮೂರು ನಾಲ್ಕು ಕರೆಗಳಿರುವ ಕಾದಂಬರಿಯಲ್ಲಿ ಇದು ಸಣ್ಣ ಕೆಲಸವಲ್ಲ.

ಮಧ್ಯಾಹ್ನ ಕಾರ್ಮೆಲ್ ಮಾರುಕಟ್ಟೆಯಲ್ಲಿ ನೂಕುನುಗ್ಗಲು, ಶುಕ್ರವಾರ ಸಂಜೆಗೇ ಶುರುವಾಗುವ ಯಹೂದಿಗಳ ವಿಶ್ರಾಂತಿ ದಿನ ಸಬ್ಬತ್ ಹತ್ತಿರವಾದಂತೆ ಸ್ಟ್ರಾಬೆರಿ ಬೆಲೆ ಇಳಿಯುತ್ತದೆ. ಸಸ್ಯಾಹಾರಿಗಳಿಗೆ ಒಂದು ಮಾತು: ಪೊಟ್ಟಣದ ಮೇಲೆ 'ಪಾರ್ವೆ' ಎಂದಿದ್ದರೆ ಮಾಂಸ, ಹಾಲು ಎರಡೂ ಇಲ್ಲ ಎಂದರ್ಥ. ಮೊಟ್ಟೆ, ಮೀನು ಇರಬಹುದು.

ಶನಿವಾರ, ಟೆಲ್ ಅವೀವ್

ರೈಲಿಲ್ಲ, ಮಾಮೂಲಿ ಬಸ್ಸಿಲ್ಲ. ಆದರೆ ಟೆಲ್ ಅವೀವ್ ನಗರಸಭೆ 2019ರಿಂದ ವಾರಾಂತ್ಯಕ್ಕೆಂದೇ ಉಚಿತ ಬಸ್ ಓಡಿಸುತ್ತದೆ, ಶೆರುತ್ ಎಂಬ ಹಳದಿ ಷೇರ್ ಟ್ಯಾಕ್ಸಿ ವ್ಯಾನುಗಳೂ ಸಿಗುತ್ತವೆ. ಮಳೆ ಬಿಟ್ಟಿತ್ತು. ಊರಿಗೆ ಊರೇ ಕಡಲ ದಂಡೆಯಲ್ಲಿತ್ತು.

ದಂಡೆಯ ಮೇಲಿನ ಉದ್ಯಾನದಲ್ಲಿ ಕನ್ನಡ ಕಿವಿಗೆ ಬಿದ್ದ ಕೂಡಲೇ ಒಂದು ಬೆಂಚಿನಿಂದ, "ನೀವು ಬೆಂಗಳೂರಿನವರಾ?" ಮೂಡುಬಿದಿರೆ ಕಡೆಯ ಹೆಂಗಸು. ಪಕ್ಕದ ಗಾಲಿಕುರ್ಚಿಯಲ್ಲಿ ತೊಂಬತ್ತು ದಾಟಿದ ಅಜ್ಜಿ. ಮಂಗಳೂರು, ಉಡುಪಿ, ಕೇರಳ ಕಡೆಯಿಂದ ವೃದ್ಧರ ಆರೈಕೆಗೆ ಬಂದು ದುಡಿಯುವವರು ಈ ದೇಶದಲ್ಲಿ ಬಹಳ.

"ಮಾತಾಡ್ಲಿಕ್ಕೆ ಬೇಗ ಬಂತು ಮಾರಾಯ್ರೆ, ಓದ್ಲಿಕ್ಕೇ ತಲೆಬಿಸಿ. ಅಕ್ಷರ ಉಂಟು, ಸ್ವರ ಇಲ್ಲ. ಮತ್ತೆ ಅಜ್ಜಿಯ ಮರಿಮಕ್ಕಳ ಪುಸ್ತಕ ತಗೊಂಡೆ. ಅದರಲ್ಲಿ ಚುಕ್ಕೆ ಇಡ್ತಾರೆ."

ಯಾವ ಪುಸ್ತಕ ಎಂದು ಕೇಳಿದರೆ, "ಬಾಡಿಗೆಗೆ ಮನೆ ಉಂಟು ಅಂತ ಒಂದು ಕಥೆ. ಕೋಳಿ, ಕೋಗಿಲೆ, ಬೆಕ್ಕು, ಅಳಿಲು." ಅದು ಲೇಯಾರ 'ದಿರಾ ಲೆಹಸ್ಕಿರ್', 1948ರಲ್ಲಿ ಮಕ್ಕಳ ಪತ್ರಿಕೆಯಲ್ಲಿ ಮೊದಲು ಬಂದದ್ದು. ಐದಂತಸ್ತಿನ ಗೋಪುರದಲ್ಲಿ ಇಲಿ ಬಿಟ್ಟುಹೋದ ಮನೆ ಖಾಲಿ ಇದೆ. ನೋಡಲು ಬಂದವರೆಲ್ಲ ನೆರೆಹೊರೆಯವರನ್ನು ಹಳಿದು ಹೋಗುತ್ತಾರೆ, ಕೊನೆಗೆ ಪಾರಿವಾಳವೊಂದು ಮನೆ ಅಷ್ಟಕ್ಕಷ್ಟೇ ಆದರೂ ನೆರೆಯವರಿಗಾಗಿ ಇರುತ್ತೇನೆ ಎನ್ನುತ್ತದೆ. ಹೆಸರು ಕಿವಿಗೆ ಬಿದ್ದದ್ದೇ ಅಜ್ಜಿ ಮೊದಲ ಸಾಲಿನಿಂದ ಬಾಯಿಪಾಠ ಶುರುಮಾಡಿದರು. ಈಕೆ ಶಾಲು ಎಳೆದು ಹೊದಿಸುತ್ತ, "ಸಾಕು ಅಜ್ಜಿ, ಗಾಳಿ ಉಂಟು" ಎಂದರು, ಕನ್ನಡದಲ್ಲೇ.

ಹೀಬ್ರೂ ಕಲಿಯಲು ಹೊರಟವರಿಗೆ ಆಕೆಯ ದಾರಿಗಿಂತ ಒಳ್ಳೆಯದಿಲ್ಲ. ಪೂರ್ತಿ ಚುಕ್ಕೆ ಇಟ್ಟು ಅಚ್ಚುಮಾಡುವುದು ಹೆಚ್ಚಾಗಿ ಮಕ್ಕಳ ಪುಸ್ತಕ, ಕವನ, ಪ್ರಾರ್ಥನೆಗಳಂಥವನ್ನೇ.

ಭಾನುವಾರ, ಟೆಲ್ ಅವೀವ್ – ಜೆರುಸಲೇಮ್

ಭಾನುವಾರ ಇಲ್ಲಿ ವಾರದ ಮೊದಲ ಕೆಲಸದ ದಿನ. ಬೆಳಗಿನ ರೈಲುಗಳಲ್ಲಿ ಶಿಬಿರಕ್ಕೆ ಮರಳುವ ಸೈನಿಕರು, ಬಂದೂಕು, ಚೀಲ, ಕಾಲಿಡಲು ಜಾಗವಿಲ್ಲ. ಜೆರುಸಲೇಮ್ ಪ್ರಯಾಣವನ್ನು ಸಂಜೆಗೆ ಇಟ್ಟುಕೊಳ್ಳಿ.

ಹಗಲು ಬೇಟ್ ಅರಿಯೇಲಾ ಗ್ರಂಥಾಲಯ. ಹೀಬ್ರೂ ಲೇಖಕರ ಸಂಘದ 'ಗ್ನಾಝಿಮ್' ದಾಖಲೆ ಸಂಗ್ರಹ ಇದೇ ಕಟ್ಟಡದಲ್ಲಿದೆ. ಕಡತ ನೋಡಬೇಕಾದರೆ ಮೊದಲೇ ಬರೆದು ದಿನ ಗೊತ್ತುಮಾಡಿಕೊಳ್ಳಬೇಕು. ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ. ಹೀಬ್ರೂ ಕೈಬರಹದ ಅಕ್ಷರಗಳು ಅಚ್ಚಿನವಕ್ಕಿಂತ ಬೇರೆ, ಅಚ್ಚು ಓದಬಲ್ಲವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಕೈಬರಹದ ವರ್ಣಮಾಲೆಯ ಒಂದು ಹಾಳೆ ಜೊತೆಗಿರಲಿ. 'ದವಾರ್'ನ ಹಳೆ ಸಂಚಿಕೆಗಳಿಗಾಗಿ ಇಲ್ಲಿವರೆಗೆ ಬರುವುದೇ ಬೇಡ, ರಾಷ್ಟ್ರೀಯ ಗ್ರಂಥಾಲಯದ ಪತ್ರಿಕಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಹಾಗೆ ಹುಡುಕುವವರಿಗೆ ಲೇಯಾರ ದುಡಿಮೆಯ ಪ್ರಮಾಣ ಗೊತ್ತಾಗುತ್ತದೆ. 1937ರಲ್ಲಿ ಕಲ್ಪಿತ ಯುರೋಪ್ ಪ್ರವಾಸದ ಪತ್ರಗಳ ಪುಸ್ತಕ ಬಂತು. 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಹತ್ತಿದ ಹೊತ್ತಿಗೆ, ಯುದ್ಧ ಕಾವ್ಯ ಬರೆಯುವುದಿಲ್ಲ ಎಂದು ಲೇಖನ ಬರೆದು ಜೊತೆಯವರ ಸಿಟ್ಟಿಗೆ ಗುರಿಯಾದರು. 1943ರಿಂದ 'ಮಿಶ್ಮಾರ್' ಪತ್ರಿಕೆ, 'ಸಿಫ್ರಿಯಾತ್ ಪೋಅಲಿಮ್' ಪ್ರಕಾಶನದ ಸಂಪಾದಕಿ ಕೆಲಸ. 1946ರಲ್ಲಿ ಕಾದಂಬರಿ. ಇದರ ನಡುವೆ ಅನುವಾದ ನಿಂತದ್ದೇ ಇಲ್ಲ. ಸ್ಫೂರ್ತಿ ಬಂದಾಗ ಬರೆಯುವ ಕವಿ ಎಂಬ ಚಿತ್ರ ಈ ಕಡತಗಳ ಮುಂದೆ ನಿಲ್ಲುವುದಿಲ್ಲ. ಇದು ವಾರ ವಾರ ಪುಟ ತುಂಬಿಸಿದವರ ಬದುಕು.

ಸಂಜೆಯ ರೈಲು ಅರ್ಧ ಗಂಟೆಗೆ ಸ್ವಲ್ಪ ಮೇಲೆ. ಜೆರುಸಲೇಮ್‌ನ ನಿಲ್ದಾಣ ನೆಲದಿಂದ 80 ಮೀಟರ್ ಆಳದಲ್ಲಿದೆ. ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ ಹೊರಬಂದರೆ ಮುಖಕ್ಕೆ ಹೊಡೆಯುವುದು ಬೇರೆಯೇ ಚಳಿ. ಸುಮಾರು 800 ಮೀಟರ್ ಎತ್ತರದ ಊರು, ಟೆಲ್ ಅವೀವ್‌ನ ಬಟ್ಟೆ ಇಲ್ಲಿ ಸಾಲದು.

ಸೋಮವಾರ, ಜೆರುಸಲೇಮ್

1948ರ ಯುದ್ಧದಲ್ಲಿ ಹೀಬ್ರೂ ವಿಶ್ವವಿದ್ಯಾಲಯದ ಸ್ಕೋಪಸ್ ಗುಡ್ಡದ ಆವರಣ ಊರಿನಿಂದ ಕತ್ತರಿಸಿಹೋಯಿತು. ಪಾಠಗಳು ಬಾಡಿಗೆ ಕಟ್ಟಡಗಳಿಗೆ ಬಂದವು. ಅವುಗಳಲ್ಲಿ ಮುಖ್ಯವಾದದ್ದು ಪ್ಯಾರಿಸ್ ಚೌಕದ ಬಳಿಯ ಟೆರ್ರಾ ಸಾಂಕ್ಟಾ, ಫ್ರಾನ್ಸಿಸ್ಕನ್ನರ ಕಟ್ಟಡ. ಛಾವಣಿಯ ಮೇಲೆ ಮೇರಿ ಮಾತೆಯ ಪ್ರತಿಮೆ ಈಗಲೂ ಇದೆ, ರಸ್ತೆಯ ಆಚೆ ಬದಿಗೆ ಹೋದರೆ ಚೆನ್ನಾಗಿ ಕಾಣುತ್ತದೆ. ಗಿವತ್ ರಾಮ್‌ನ ಹೊಸ ಆವರಣ ಬಂದದ್ದು 1958ರಲ್ಲಿ. ಲೇಯಾ 1950ರ ದಶಕದ ಮೊದಲರ್ಧದಲ್ಲಿ ಇಲ್ಲಿ ಪಾಠ ಶುರುಮಾಡಿ, 1963ರಲ್ಲಿ ತೌಲನಿಕ ಸಾಹಿತ್ಯ ವಿಭಾಗದ ಮುಖ್ಯಸ್ಥೆಯಾದರು. ಪತ್ರಿಕೆಯ ಮೇಜಿನಿಂದ ಪ್ರಾಧ್ಯಾಪಕಿಯ ಕುರ್ಚಿಗೆ ಹೋಗುವ ದಾರಿಯನ್ನು ಕಟ್ಟಿಕೊಟ್ಟದ್ದು ಹಲವು ಭಾಷೆಗಳಿಂದ ಮಾಡಿದ ಅನುವಾದಗಳೇ.

14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕನ ಸಾನೆಟ್‌ಗಳನ್ನು, ಅಂದರೆ ಹದಿನಾಲ್ಕು ಸಾಲಿನ ಪದ್ಯಗಳನ್ನು, ಹೀಬ್ರೂಗೆ ತಂದದ್ದೂ 1950ರ ದಶಕದಲ್ಲೇ. ಅದರ ಕಷ್ಟ ಹೀಗೆ: ಮೊದಲ ಎಂಟು ಸಾಲಿಗೆ ಎರಡೇ ಪ್ರಾಸ, ಅಂದರೆ ಒಂದೊಂದು ಧ್ವನಿಗೆ ನಾಲ್ಕು ನಾಲ್ಕು ಪದ. ಹೀಬ್ರೂನಲ್ಲಿ ಬಹುವಚನದ 'ಇಮ್', 'ಓತ್' ಪ್ರತ್ಯಯಗಳಿಂದ ಎಷ್ಟು ಬೇಕಾದರೂ ಪ್ರಾಸ ಹುಟ್ಟಿಸಬಹುದು, ಅದಕ್ಕೇ ಅದು ಅಗ್ಗದ ಪ್ರಾಸ. ಸ್ವರದಿಂದ ಕೊನೆಯಾಗುವ ಪದವಾದರೆ ಆ ಸ್ವರದ ಹಿಂದಿನ ವ್ಯಂಜನವೂ ಕೂಡಬೇಕೆಂಬ ಹಳೆಯ ಕಟ್ಟುಪಾಡು ಬೇರೆ. ಈ ಕುಣಿಕೆಯೊಳಗೆ ಕೈ ಪಳಗಿದ ಮೇಲೆ ಅವರು ಮಾಡಿದ ಚೇಷ್ಟೆ ನನಗೆ ಎಲ್ಲಕ್ಕಿಂತ ಇಷ್ಟ. 16ನೇ ಶತಮಾನದ ಫ್ರೆಂಚ್ ಕುಲೀನೆ ತೆರೇಸಾ ಎಂಬಾಕೆಯನ್ನು ಕಲ್ಪಿಸಿ, ಆಕೆ ಪ್ರೀತಿಸಿ ಬರೆದು ಸುಟ್ಟುಹಾಕಿದ ಸಾನೆಟ್‌ಗಳು ಇವು ಎಂದು ಸ್ವಂತ ಹೀಬ್ರೂ ಸಾನೆಟ್‌ಗಳನ್ನು ಬರೆದರು. ಮೂಲವೇ ಇಲ್ಲದ ಅನುವಾದ.

ಮಧ್ಯಾಹ್ನ ರಾಷ್ಟ್ರೀಯ ಗ್ರಂಥಾಲಯದ ಹೊಸ ಕಟ್ಟಡ, ಸಂಸತ್ತಿನ ಎದುರಿಗೆ. 2023ರ ಅಕ್ಟೋಬರ್‌ನ ಉದ್ಘಾಟನಾ ಸಮಾರಂಭ ಯುದ್ಧದಿಂದಾಗಿ ರದ್ದಾಗಿ, ಸದ್ದಿಲ್ಲದೆ ಬಾಗಿಲು ತೆರೆಯಿತು. ದುಂಡು ಓದುಸಾಲೆಯನ್ನು ಮೇಲಿನ ಅಂತಸ್ತಿನಿಂದ ಒಮ್ಮೆ ಬಗ್ಗಿ ನೋಡಿ.

ಮಂಗಳವಾರ, ಜೆರುಸಲೇಮ್ ಬೆಟ್ಟಗಳು

ಹರ್ ಹಮೆನೂಖೋತ್ ಸ್ಮಶಾನ ಊರಿನ ಪಶ್ಚಿಮ ಅಂಚಿನಲ್ಲಿ, ಗುಡ್ಡಕ್ಕೆ ಮೆಟ್ಟಿಲು ಕಡಿದ ಹಾಗೆ ಹಂತ ಹಂತವಾಗಿ. 1970ರ ಜನವರಿ 15ರಂದು ತೀರಿಕೊಂಡ ಲೇಯಾರನ್ನು ಇಲ್ಲಿ ಮಣ್ಣುಮಾಡಿದರು. ವಯಸ್ಸು 58. ಆ ವರ್ಷದ ಇಸ್ರೇಲ್ ಪ್ರಶಸ್ತಿಯನ್ನು ತಾಯಿ ಸ್ವೀಕರಿಸಿದರು. ಸ್ಮಶಾನ ವಿಪರೀತ ದೊಡ್ಡದು. ಗೋರಿಯ ವಿಭಾಗ, ಸಾಲು ಮೊದಲೇ ಬರೆದುಕೊಂಡು ಹೋಗದಿದ್ದರೆ ಅರ್ಧ ದಿನ ಹೋಗುತ್ತದೆ. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಇಲ್ಲಿ ಹೂವಿನ ರೂಢಿ ಕಡಿಮೆ, ಸಣ್ಣ ಕಲ್ಲು ಇಡುತ್ತಾರೆ. ಮಳೆಯಲ್ಲಿ ನುಣುಪು ಮೆಟ್ಟಿಲುಗಳು ಜಾರುತ್ತವೆ.

ಅಲ್ಲಿಂದ ಟೆಲ್ ಅವೀವ್ ಹೆದ್ದಾರಿಯ ಕಡೆ ಇಳಿದರೆ ಎರಡೂ ಬದಿಗೆ ಪೈನ್ ಮರಗಳು. ನಡುನಡುವೆ ಎಲೆ ಚಿಗುರುವ ಮೊದಲೇ ಹೂ ಬಿಟ್ಟ ಬಾದಾಮಿ. ಲೇಯಾರ ಬಹು ಪ್ರಸಿದ್ಧ ಕವನ ಪೈನ್ ಮರದ ಮೇಲಿನದು, 1955ರ ಸಂಕಲನದಲ್ಲಿದೆ. ಎರಡು ನೆಲಗಳಲ್ಲಿ ಬೇರಿರುವವರ ನೋವು ಅದರ ವಸ್ತು. ವಲಸೆ ಬಂದವರೆಲ್ಲ ಅದನ್ನು ತಮ್ಮದೆಂದು ಎತ್ತಿಕೊಂಡಿದ್ದಾರೆ. ಇಲ್ಲಿಯ ಮರ ಮಾತ್ರ ಲಿಥುವೇನಿಯಾದ ಹಿಮದ ಪೈನ್ ಅಲ್ಲ, ಮೆಡಿಟರೇನಿಯನ್ನಿನ ಅಲೆಪ್ಪೊ ಪೈನ್. ಬೇಗ ಬೆಳೆಯುತ್ತದೆಂದು ದಟ್ಟವಾಗಿ ನೆಟ್ಟರು, ರಾಳ ತುಂಬಿದ ಮರ ಅಷ್ಟೇ ಬೇಗ ಉರಿಯುತ್ತದೆ. 2021ರ ಆಗಸ್ಟ್‌ನ ಕಾಡ್ಗಿಚ್ಚಿನಲ್ಲಿ ಈ ಬೆಟ್ಟಗಳು ಸುಟ್ಟು, ಕಾಡಿನಡಿ ಮುಚ್ಚಿಹೋಗಿದ್ದ ಹಳೆಯ ಕಲ್ಲುಕಟ್ಟೆಗಳ ಗದ್ದೆಸಾಲು ಹೊರಬಿತ್ತು. ನಮ್ಮ ಟ್ಯಾಕ್ಸಿಯಾತ ಕೈ ತೋರಿಸಿ, "ಅವನ್ನು ಕಟ್ಟಿದವರ ಮೊಮ್ಮಕ್ಕಳನ್ನು ಕೇಳಿ, ಯಾವ ಕಟ್ಟೆ ಯಾರದು ಅಂತ ಈಗಲೂ ಹೇಳ್ತಾರೆ" ಎಂದ. ಆತ ಅಬು ಘೋಷ್ ಊರಿನ ಅರಬ.

ಬುಧವಾರ, ಹೈಫಾ

ನೋಟಿನ ಮೇಲೆ ಜಾಗ ಸಿಗದವರಲ್ಲಿ ಒಬ್ಬರು ಕಾದಂಬರಿಕಾರ ಸಾಮಿ ಮಿಖಾಯೆಲ್. 1926ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿ, ಕಮ್ಯುನಿಸ್ಟನೆಂದು ಬಂಧನದ ಆದೇಶ ಹೊರಟಾಗ 1948ರಲ್ಲಿ ಇರಾನಿಗೆ ಓಡಿ, 1949ರಲ್ಲಿ ಇಲ್ಲಿಗೆ ಬಂದವರು. ವಾದಿ ನಿಸ್ನಾಸ್ ಎಂಬ ಅರಬ್ ಕೇರಿಯಲ್ಲಿ ಉಳಿದರು. ಅರಬ್ ಲೇಖಕ ಎಮಿಲ್ ಹಬೀಬಿಯಂಥವರಿದ್ದ ಅರಬ್ಬಿ ಪತ್ರಿಕೆಗಳಿಗೆ ಸಮೀರ್ ಮಾರೆದ್ ಎಂಬ ಹೆಸರಿನಲ್ಲಿ ಬರೆದರು. 1955ರಲ್ಲಿ ಕಮ್ಯುನಿಸ್ಟ್ ಪಕ್ಷ ಬಿಟ್ಟರು. ಹೊಟ್ಟೆಪಾಡಿಗೆ 25 ವರ್ಷ ಜಲವಿಜ್ಞಾನಿಯಾಗಿ ಸರ್ಕಾರಿ ಕೆಲಸ. ಅರಬ್ಬಿಯಿಂದ ಹೀಬ್ರೂಗೆ ದಾಟಿ ಮೊದಲ ಕಾದಂಬರಿ ಅಚ್ಚಾದಾಗ ಇಸವಿ 1974. ಆಮೇಲೆ ಈಜಿಪ್ಟಿನ ನಗೀಬ್ ಮೆಹಫೂಝ್‌ರ ಕೈರೋ ಕಾದಂಬರಿ ತ್ರಿವಳಿಯನ್ನು ಹೀಬ್ರೂಗೆ ತಂದರು, ಶುರುಮಾಡಿದ್ದು ಮೆಹಫೂಝ್‌ಗೆ 1988ರ ನೊಬೆಲ್ ಬರುವುದಕ್ಕೂ ಮುಂಚೆ. ತೀರಿಕೊಂಡದ್ದು 2024ರ ಏಪ್ರಿಲ್‌ನಲ್ಲಿ. ಲೇಯಾ ಶಾಲೆಯಲ್ಲೇ ಹೀಬ್ರೂ ಕಲಿತು ಬಂದು ಇಳಿದ ವರ್ಷವೇ ಸಂಕಲನ ತಂದರು, ಇವರಿಗೆ ಅದೇ ಭಾಷೆಯಲ್ಲಿ ಕಾದಂಬರಿ ತರಲು 25 ವರ್ಷ ಹಿಡಿಯಿತು. ವಲಸಿಗ ಲೇಖಕರು ಎಂದು ಇಬ್ಬರನ್ನೂ ಒಂದೇ ಕಪಾಟಿಗೆ ತುರುಕುವವರು ಈ ಅಂತರ ನೋಡಬೇಕು.

ವಾದಿ ನಿಸ್ನಾಸ್‌ಗೆ ಕಾರ್ಮೆಲಿತ್ ಹಿಡಿಯಿರಿ. ಬೆಟ್ಟದೊಳಗೆ ಓರೆಯಾಗಿ ಏರುವ ಈ ಸುರಂಗ ರೈಲು 1959ರದು, ಆರೇ ನಿಲ್ದಾಣ. ಬೋಗಿಯ ನೆಲವೇ ಮೆಟ್ಟಿಲು ಮೆಟ್ಟಿಲಾಗಿದೆ. ಕೆಳತುದಿಯ ಪ್ಯಾರಿಸ್ ಚೌಕದಲ್ಲಿ ಇಳಿದರೆ ಕೇರಿ ಹತ್ತಿರ. ಗಲ್ಲಿಗಳಲ್ಲಿ ಫಲಾಫೆಲ್, ಕಾಫಿಪುಡಿಯ ವಾಸನೆ, ಗೋಡೆಗಳಲ್ಲಿ ಹುದುಗಿಸಿದ ಕಲಾಕೃತಿಗಳು. ಫಲಾಫೆಲ್ ಅಂಗಡಿಯಾತ ಕ್ಯೂ ನಿಂತವರ ಕೈಗೆ ಬಿಸಿಬಿಸಿ ಒಂದೊಂದು ಉಂಡೆ ಇಡುತ್ತಾನೆ, ಅದಕ್ಕೆ ದುಡ್ಡಿಲ್ಲ.

ಮೇಲಿನ ಹಡಾರ್ ಬಡಾವಣೆಯ ಹಳೆಪುಸ್ತಕದ ಅಂಗಡಿಯಲ್ಲಿ ತ್ರಿವಳಿಯ ಒಂದನೆಯ, ಮೂರನೆಯ ಸಂಪುಟಗಳಿದ್ದವು. ಎರಡನೆಯದು?

"ಅದು ಬರುವುದಿಲ್ಲ. ಒಂದನೆಯದು ಓದಿದವರು ಎರಡನೆಯದನ್ನು ಯಾರಿಗೋ ಕೊಡುತ್ತಾರೆ, ಅವರು ವಾಪಸ್ ಕೊಡುವುದಿಲ್ಲ" ಎಂದಳು ಅಂಗಡಿಯಾಕೆ. ಎರಡಕ್ಕೂ ಸೇರಿ ನಲವತ್ತು ಶೆಕೆಲ್.

ಹೈಫಾದಿಂದ ಟೆಲ್ ಅವೀವ್‌ಗೆ ಮರಳುವಾಗ ರೈಲು ಹೋಗುವ ದಿಕ್ಕಿಗೆ ಬಲಬದಿಯ ಕಿಟಕಿ ಹಿಡಿಯಿರಿ, ಊರು ದಾಟಿ ಬಹಳ ದೂರ ಕಡಲು ಜೊತೆಗಿರುತ್ತದೆ. ದಾರಿಯಲ್ಲಿ ಸಿಗುವ ಅತ್ಲಿತ್‌ನಲ್ಲಿ ಬ್ರಿಟಿಷರು ಪರವಾನಗಿ ಇಲ್ಲದೆ ಬಂದ ವಲಸಿಗರನ್ನು ಕೂಡಿಹಾಕುತ್ತಿದ್ದ ಶಿಬಿರ ಈಗ ವಸ್ತುಸಂಗ್ರಹಾಲಯ. ಮುಂಚೆ ಕಾದಿರಿಸಿ ಹೋಗಬೇಕು, ಒಳಗೆ ಮಾರ್ಗದರ್ಶಕರ ಜೊತೆಗೇ ಸುತ್ತಬೇಕು.